ಬದ್ಲಿ ನಡದದ, ಬಂದ್ ಮಾಡಬ್ಯಾಡ್ರಿ

ಇದನ್ನು ಹೇಳುವುದನ್ನು ಹನ್ನೊಂದು ವರ್ಷ ಮುಂದಕ್ಕೆ ಹಾಕಿದ್ದೇನೆ. ಬರೆಯಬೇಕೆಂದು ಎರಡು ಸಲ ನೋಟುಬುಕ್ಕು ತಂದೆ. ಒಂದರ ಹಾಳೆಗಳನ್ನು ಮೊಮ್ಮಗಳು ಹರಿದು ದೋಣಿ ಮಾಡಿದಳು. ಇನ್ನೊಂದರ ಮೊದಲ ಪುಟದಲ್ಲಿ ಶ್ರೀ ಎಂದು ಬರೆದು ಮುಚ್ಚಿಟ್ಟೆ. ಹೆಂಡತಿ ಇರುವಾಗ ಅವಳಿಗೂ ಹೇಳಲಿಲ್ಲ. ನನಗೀಗ ಅರವತ್ತೆಂಟು. ಇದರಲ್ಲಿ ಬರುವ ಹುಡುಗಿಯ ಹೆಸರನ್ನು ಮೊದಲೇ ಬರೆಯಲಾರೆ. ಬರೆದರೆ ಕೈ ಅಲ್ಲೇ ನಿಲ್ಲುತ್ತದೆ.

ಹೋದ ತಿಂಗಳು ಶಹಾಬಾದದ ಹತ್ತಿರದ ಒಂದು ಇಂಜಿನಿಯರಿಂಗ್ ಕಾಲೇಜಿನಿಂದ ಫೋನು ಬಂತು. ನಾನು ಅಲ್ಲಿ ಕಂಪ್ಯೂಟರ್ ಲ್ಯಾಬಿನ ಅಟೆಂಡರ್ ಆಗಿದ್ದವನು. ಹಳೆಯ ಯಂತ್ರಗಳನ್ನೆಲ್ಲ ಗುಜರಿಗೆ ಹಾಕುತ್ತಿದ್ದಾರೆ, ಸ್ಟಾಕ್ ರಿಜಿಸ್ಟರಿನಲ್ಲಿ ಎರಡು ಕಡೆ ನನ್ನ ಸಹಿ ಬಾಕಿ ಇದೆ, ಬಂದು ಹಾಕಿ ಹೋಗಬೇಕು ಎಂದರು. ವಾಡಿಯಿಂದ ಬೆಳಗಿನ ಪ್ಯಾಸೆಂಜರ್ ಹಿಡಿದು ಹೋದೆ. ಗುಮಾಸ್ತ ಬೀಗ ತೆಗೆದ. ಬಾಗಿಲು ಸರಿದ ಕೂಡಲೇ ಆ ವಾಸನೆ ಬಂತು. ಬಿಸಿಯಾಗಿ ಆರಿದ ಧೂಳು, ಸತ್ತ ಬ್ಯಾಟರಿಗಳ ಹುಳಿ, ಮಳೆಗಾಲದಲ್ಲಿ ಫರ್ಸಿ ಕಲ್ಲಿನ ನೆಲದಿಂದ ಏಳುವ ಥಂಡಿ, ಮೂರೂ ಕೂಡಿದ ವಾಸನೆ. ನನ್ನ ಕಣ್ಣು ತಾನಾಗಿ ಹನ್ನೊಂದನೆಯ ಯಂತ್ರದ ಕಡೆ ಹೋಯಿತು. ಪರದೆಯ ಮೇಲಂಚಿನಲ್ಲಿ ಎರಡು ಬೆರಳಗಲ ಗಮ್ ಟೇಪಿನ ಕಲೆ ಹಾಗೆಯೇ ಇತ್ತು. ಅಲ್ಲಿ ಒಂದು ಚೀಟಿ ಇತ್ತು. ಕಿತ್ತವನು ನಾನು.

"ಏನ್ ನೋಡ್ಲಿಕತ್ತೀರಿ ಶರಣಪ್ಪಣ್ಣ? ಇವೆಲ್ಲಾ ಸತ್ತು ಭಾಳ ದಿನ ಆಯ್ತು. ಸಹಿ ಹಾಕ್ರಿ" ಎಂದ ಗುಮಾಸ್ತ.

ಹಾಕಿದೆ. ಎರಡನೆಯದನ್ನು ತಪ್ಪು ಸಾಲಿನಲ್ಲಿ ಹಾಕಿದೆ. ಅವನು ವಯಸ್ಸು ಎಂದುಕೊಂಡಿರಬೇಕು.

ನಾನು ಹತ್ತನೆಯ ತರಗತಿ ಪಾಸಾದವನು. ಹುಟ್ಟಿದ್ದು ಸೇಡಂ ತಾಲೂಕಿನ ಆಡಕಿಯಲ್ಲಿ. ಇಪ್ಪತ್ತರ ವಯಸ್ಸಿಗೆ ವಾಡಿಗೆ ಬಂದು ಸಿಮೆಂಟ್ ಕಾರ್ಖಾನೆಯಲ್ಲಿ ಬದ್ಲಿ ಕಾಮಗಾರನಾದೆ. ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಮಾತು ಇದು. ಕಾಯಂ ಇರುವವನು ಬಾರದ ದಿನ ಅವನ ಜಾಗದಲ್ಲಿ ನಿಲ್ಲುವವನು ಬದ್ಲಿ. ಪಾಳಿ ಶುರುವಾಗುವ ಮೊದಲು ಗೇಟಿನ ಹೊರಗೆ ನಿಲ್ಲಬೇಕು. ಯಾರಾದರೂ ತಪ್ಪಿಸಿದರೆ ಒಳಗೆ ಕರೆಯುತ್ತಾರೆ, ಎಲ್ಲರೂ ಬಂದರೆ ಬುತ್ತಿ ಹಿಡಿದುಕೊಂಡು ಮನೆಗೆ ವಾಪಸು. ಹದಿನೆಂಟು ವರ್ಷ ಇನ್ನೊಬ್ಬರ ಟೋಪಿ ಹಾಕಿಕೊಂಡು ಇನ್ನೊಬ್ಬರ ಯಂತ್ರದ ಮುಂದೆ ನಿಂತೆ. ಆಮೇಲೆ ಪರಿಚಯದವರೊಬ್ಬರು ಈ ಕಾಲೇಜಿಗೆ ಸೇರಿಸಿದರು. ಅಲ್ಲಿಯೂ ನಾನು ತಾತ್ಕಾಲಿಕ. ವರ್ಷಕ್ಕೊಮ್ಮೆ ಹೊಸ ಕಾಗದ, ವರ್ಷಕ್ಕೊಮ್ಮೆ ಅದೇ ಹೆದರಿಕೆ. ಐವತ್ತೇಳನೆಯ ವಯಸ್ಸಿನಲ್ಲಿ, ನಿವೃತ್ತಿಗೆ ಮೂರು ವರ್ಷ ಇರುವಾಗ, ನನ್ನನ್ನು ಕಾಯಂ ಮಾಡುವ ಫೈಲು ಮೊದಲ ಸಲ ಮೇಲಕ್ಕೆ ಹೋಯಿತು. ಆ ವರ್ಷದ ಮಾತು ಇದು.

ಆ ವರ್ಷ ಮಳೆ ಬಿಡದೆ ಹಿಡಿಯಿತು. ಕಾಗಿಣಾ ಹೊಳೆ ಎರಡು ಸಲ ಸೇತುವೆ ಮುಟ್ಟಿತು. ರೈಲಿನ ಕಿಟಕಿಯಿಂದ ನೋಡಿದರೆ ತೊಗರಿಯ ಎಲೆ ಮೇಲೆ ಸಿಮೆಂಟಿನ ಬಿಳಿ ಹುಡಿ ಕೂಡುತ್ತಿತ್ತು, ಮಳೆ ಬಂದು ತೊಳೆಯುತ್ತಿತ್ತು, ಮತ್ತೆ ಕೂಡುತ್ತಿತ್ತು.

ಆ ಹುಡುಗಿ ಇಂಜಿನಿಯರಿಂಗ್ ಮೂರನೆಯ ವರ್ಷದಲ್ಲಿದ್ದಳು. ಅಪ್ಪ ಮರೆಪ್ಪ ಶಹಾಬಾದದ ಫರ್ಸಿ ಖಣಿಯಲ್ಲಿ ಕಲ್ಲು ಎಬ್ಬಿಸುವವನು. ಮನೆ ಖಣಿಯ ಓಣಿಯಲ್ಲಿ. ಅವಳ ಪೆನ್ನಿನ ಡಬ್ಬಿಯ ಮುಚ್ಚಳದೊಳಗೆ ಬುದ್ಧನ ಸಣ್ಣ ಚಿತ್ರ ಅಂಟಿಸಿದ್ದಳು. ಉಳಿದ ಹುಡುಗರು ಮನೆಯಲ್ಲಿ ಲ್ಯಾಪ್‌ಟಾಪ್ ಇದ್ದವರು, ತರಗತಿ ಮುಗಿದ ಕೂಡಲೇ ಓಡುತ್ತಿದ್ದರು. ಇವಳಿಗೆ ಲ್ಯಾಬು ಬಿಟ್ಟರೆ ಬೇರೆ ಕಂಪ್ಯೂಟರ್ ಇರಲಿಲ್ಲ. ದಿನಾ ಸಂಜೆ ಐದೂಕಾಲಿನವರೆಗೆ ಹನ್ನೊಂದನೆಯ ಯಂತ್ರದ ಮುಂದೆ ಕೂಡುತ್ತಿದ್ದಳು. ನಾನು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿರುತ್ತಿದ್ದೆ. ಇಬ್ಬರೇ ಇರುವ ಕೋಣೆಯಲ್ಲಿ ಎಷ್ಟು ದಿನ ಸುಮ್ಮನೆ ಕೂಡಲಾಗುತ್ತದೆ? ಮಾತು ಶುರುವಾಯಿತು. ನನ್ನನ್ನು ಕಾಕಾ ಎನ್ನುತ್ತಿದ್ದಳು.

"ಕಾಕಾ, ಈ ಕಂಪ್ಯೂಟರ್ ಒಂದೇ ಸಲಕ್ಕ ಹತ್ತ್ ಕೆಲಸ ಮಾಡ್ತದ ಅಂತ ತಿಳ್ಕೊಂಡೀರೇನು?"

"ಮತ್ತ? ಹಾಡೂ ಹಚ್ಚತದ, ಟೈಪೂ ಮಾಡ್ತದ."

"ಸುಳ್ಳದು. ಒಮ್ಮಿಗಿ ಒಂದಾ ಮಾಡ್ತದ. ಇದು ಸ್ವಲ್ಪ, ಅದು ಸ್ವಲ್ಪ. ಜಲ್ದಿ ಜಲ್ದಿ ಒಂದು ಬಿಟ್ಟು ಇನ್ನೊಂದು ಹಿಡೀತದ, ನಮಗ ತಿಳಿಯಂಗಿಲ್ಲ ಅಷ್ಟಾ. ಹಿಂಗ ಒಂದೊಂದು ಕೆಲಸಕ್ಕ ಥ್ರೆಡ್ ಅಂತಾರ. ದಾರ ಇದ್ದಂಗ."

"ದಾರ ಅಲ್ಲವ್ವಾ, ಪಾಳಿ ಇದು. ಯಂತ್ರ ಒಂದೇ, ಆಳು ಮೂರು. ಒಬ್ಬ ಎದ್ದ, ಇನ್ನೊಬ್ಬ ಕುಂತ."

ಅವಳು ಕುರ್ಚಿ ತಿರುಗಿಸಿ ನನ್ನನ್ನು ನೋಡಿದಳು. "ಅಯ್ಯ ಕಾಕಾ, ನಮ್ಮ ಸರ್ ಒಂದು ವಾರ ಹೇಳಿದ್ದು ನೀವು ಒಂದು ಮಾತಿನಾಗ ಹೇಳಿದ್ರಲ್ಲ."

ಅವರಿಗೆ ಕಲಿಸುವುದಕ್ಕೆಂದೇ ಮಾಡಿದ ಒಂದು ಸಣ್ಣ ಆಪರೇಟಿಂಗ್ ಸಿಸ್ಟಮ್ ಇತ್ತು. ಅದರಲ್ಲಿ ಒಂದು ಥ್ರೆಡ್ಡಿನಿಂದ ಇನ್ನೊಂದಕ್ಕೆ ಹೋಗುವ ಭಾಗವನ್ನು ಖಾಲಿ ಬಿಟ್ಟಿರುತ್ತಿದ್ದರು. ವಿದ್ಯಾರ್ಥಿ ಆ ಭಾಗವನ್ನು ತಾನೇ ಬರೆದು, ಸರಿಯಾಗಿ ನಡೆಯುತ್ತದೋ ಇಲ್ಲವೋ ಪರೀಕ್ಷೆ ಮಾಡಿ ತೋರಿಸಬೇಕು. ಅವಳು ಪರೀಕ್ಷೆಗೆ ಮೂರು ಥ್ರೆಡ್ ಮಾಡಿ ಅಪ್ಪ, ಅವ್ವ, ನಾ ಎಂದು ಹೆಸರಿಟ್ಟಿದ್ದಳು. ಪ್ರತಿಯೊಂದೂ ತನ್ನ ಪಾಳಿ ಬಂದಾಗ ತನ್ನ ಹೆಸರು, ತನ್ನ ವಯಸ್ಸು ಬರೆದು ಇನ್ನೊಂದಕ್ಕೆ ಜಾಗ ಬಿಡಬೇಕು. ಅಪ್ಪನದು ನಲವತ್ತಾರರಿಂದ, ಅವ್ವನದು ನಲವತ್ತರಿಂದ, ಅವಳದು ಇಪ್ಪತ್ತರಿಂದ. ಪಾಳಿ ಬಂದಾಗಲೆಲ್ಲ ಒಂದು ವರ್ಷ ಕೂಡುತ್ತದೆ. ಕರಿ ಪರದೆಯ ಮೇಲೆ ಮೂವರೂ ಸಾಲಾಗಿ ಬರುವುದನ್ನು ನೋಡುವುದು ನನಗೂ ರೂಢಿಯಾಯಿತು.

ಆದರೆ ಅದು ನಡೆಯುತ್ತಿರಲಿಲ್ಲ. ಇಪ್ಪತ್ತು, ಇಪ್ಪತ್ತೊಂದು ಎಂದು ಬಂದ 'ನಾ' ಮುಂದಿನ ಪಾಳಿಗೆ ನಲವತ್ತೊಂಬತ್ತು ಎಂದು ಬರುತ್ತಿತ್ತು.

"ನೋಡ್ರಿ ಕಾಕಾ, ಒಂದ್ ಪಾಳಿದಾಗ ಮುದುಕಿ ಆದೆ" ಎಂದು ನಕ್ಕಳು. ಹತ್ತು ದಿನ ಹೀಗೇ ಆಯಿತು. ಆಮೇಲೆ ನಗಲಿಲ್ಲ. ಒಂದು ಸಂಜೆ ಮೇಜಿನ ಮೇಲೆ ತಲೆಯಿಟ್ಟು ಕೂತಿದ್ದಳು.

"ಏನಾಗ್ಲಿಕತ್ತದ ಹೇಳವ್ವಾ ನನಗ."

"ಒಬ್ಬರು ಎದ್ದು ಹೋಗೂಮುಂದ ತಮ್ಮ ಕೈಯಾಗಿಂದೆಲ್ಲಾ ಬರ್ದಿಟ್ಟು ಹೋಗಬೇಕ್ರಿ. ಹದಿನಾಲ್ಕ್ ಸಾಮಾನು. ತಿರುಗಿ ಬಂದಾಗ ಅವನ್ನೇ ಎತ್ಕೋಬೇಕು. ನಾ ಹದಿನಾಲ್ಕೂ ಬರದೀನಿ. ಹತ್ತ್ ಸಲ ಎಣಿಸೀನಿ. ಬರೋಬ್ಬರಿ ಅದ. ಆದ್ರ ತಿರುಗಿ ಬಂದಾಗ ಕೈಯಾಗ ಅಪ್ಪಂದು ಇರ್ತದ."

ಆಗ ನನಗೆ ಕಾರ್ಖಾನೆಯ ಭಟ್ಟಿ ನೆನಪಾಯಿತು. ಪಾಳಿ ಮುಗಿಸಿ ಹೋಗುವವನು ಕಾವು, ಗಾಳಿ, ಕಲ್ಲಿದ್ದಲು, ಎಲ್ಲ ಲೆಕ್ಕವನ್ನೂ ದಪ್ಪ ಪುಸ್ತಕದಲ್ಲಿ ಬರೆಯಬೇಕು. ಬಂದವನು ಅದನ್ನು ಓದಿಕೊಂಡು ಮುಂದುವರಿಸಬೇಕು. ಒಮ್ಮೆ ಹೋಗುವವನು ಅವಸರದಲ್ಲಿ ಒಂದು ಸಾಲನ್ನು ಎರಡು ಸಲ ಬರೆದು ಅದರ ಕೆಳಗಿನದನ್ನು ಬಿಟ್ಟಿದ್ದ. ಸಾಲು ಎಣಿಸಿದರೆ ಸರಿ ಇತ್ತು. ಭಟ್ಟಿ ಮಾತ್ರ ಕೆಟ್ಟು ಎರಡು ದಿನ ನಿಂತಿತು. ಅಂದಿನಿಂದ ನಮ್ಮಲ್ಲಿ ಎಣಿಸುವುದು ಬಿಟ್ಟು ಓದುವುದು ಬಂತು. ಹೋಗುವವನು ಗಟ್ಟಿಯಾಗಿ ಓದಬೇಕು, ಬಂದವನು ಒಂದೊಂದಕ್ಕೂ ಹೂಂ ಅನ್ನಬೇಕು. ನಾನು ಬದ್ಲಿ ಆಗಿದ್ದ ಕಾಲದ ಈ ಕತೆಯನ್ನೆಲ್ಲ ಅವಳಿಗೆ ಹೇಳಿದೆ.

"ಎಣಿಸಬ್ಯಾಡ. ಕಾಗದದ ಮ್ಯಾಲ ಬರ್ದು ಕೊಡು, ನಾ ಓದ್ತೀನಿ. ನೀ ಹೂಂ ಅನ್ನು."

ಪರದೆ ನೋಡಿ ಒಂದು ಹಾಳೆಯ ಮೇಲೆ ಇದ್ದದ್ದು ಇದ್ದ ಹಾಗೆ ಬರೆದು ಕೊಟ್ಟಳು. ನಾನು ಕನ್ನಡಕ ಹಾಕಿ ಆ ಹದಿನಾಲ್ಕು ಸಾಮಾನುಗಳ ಇಂಗ್ಲಿಷ್ ಹೆಸರುಗಳನ್ನು ಒಂದೊಂದಾಗಿ ಓದಿದೆ. ಎಸ್ ಆರು. ಹೂಂ. ಎಸ್ ಏಳು. ಹೂಂ. ಎಸ್ ಎಂಟು. ಹೂಂ. ಎಸ್ ಎಂಟು.

"ಎಂಟು ಆಯ್ತಲ್ರಿ ಕಾಕಾ."

"ಇಲ್ಲಿ ಎರಡ್ ಸಲ ಅದ ನೋಡವ್ವಾ. ಒಂಬತ್ತ್ ಇಲ್ಲ."

ಅವಳು ಎದ್ದು ಬಂದು ಹಾಳೆ ಕಿತ್ತುಕೊಂಡು ನೋಡಿದಳು. ಬಾಯಿಗೆ ಕೈ ಮುಚ್ಚಿಕೊಂಡಳು. ಓಡಿಹೋಗಿ ಒಂದು ಅಂಕಿ ತಿದ್ದಿದಳು. ಅಪ್ಪ, ಅವ್ವ, ನಾ ಎಂದು ಮೂವರೂ ತಮ್ಮ ತಮ್ಮ ವಯಸ್ಸಿನಲ್ಲಿ ನೂರು ಪಾಳಿ ನಡೆದರು. ಯಾರೂ ಯಾರ ವಯಸ್ಸನ್ನೂ ಕಸಿಯಲಿಲ್ಲ. ಹೊರಗೆ ತೊಗರಿ ಹಳದಿ ಹೂವಿಗೆ ಬಂದಿತ್ತು.

ಅಂದೇ ಅವಳು ಆ ಭಾಗಕ್ಕೆ ಇದ್ದ ಇಂಗ್ಲಿಷ್ ಹೆಸರು ತೆಗೆದು, ಇಂಗ್ಲಿಷ್ ಅಕ್ಷರದಲ್ಲೇ ಬದ್ಲಿ ಎಂದು ಬರೆದಳು. "ಇದು ನಿಮ್ಮ ಹೆಸರಾ ಕಾಕಾ."

"ನನ್ನ ಹೆಸರು ಶರಣಪ್ಪ."

"ಅದು ಉದ್ದ ಆಗ್ತದ್ರಿ."

ನನ್ನ ಜೀವನದಲ್ಲಿ ಯಾರೂ ನನ್ನ ಕೆಲಸಕ್ಕೆ ಅಷ್ಟು ಮರ್ಯಾದೆ ಕೊಟ್ಟಿರಲಿಲ್ಲ. ನಾನು ನಾಚಿಕೆಪಡುತ್ತಿದ್ದ ಮಾತನ್ನು ಅವಳು ಎತ್ತಿ ತನ್ನ ಕೆಲಸಕ್ಕೆ ಹೆಸರಾಗಿ ಇಟ್ಟಳು. ಮುಂದಿನದನ್ನು ಓದುವಾಗ ಇದು ನೆನಪಿರಲಿ.

ಪ್ರಾಯೋಗಿಕ ಪರೀಕ್ಷೆಗೆ ಮೂರು ದಿನ ಇತ್ತು. ವಿಭಾಗದ ಮುಖ್ಯಸ್ಥರು ತುಮಕೂರಿನ ಕಡೆಯವರು, ನಾವೆಲ್ಲ ದೊಡ್ಡ ಸರ್ ಎನ್ನುತ್ತಿದ್ದೆವು. ಅವರು ತರಗತಿಯಲ್ಲಿ, ನೂರು ಸಲ ಸರಿ ಬಂದರೆ ಸರಿ ಎಂದಲ್ಲ, ಲಕ್ಷ ಸಲ ಬರಬೇಕು ಎಂದಿದ್ದರಂತೆ. ಅವಳು ಅದನ್ನೇ ಹಿಡಿದುಕೊಂಡಳು.

"ಕಾಕಾ, ಇವತ್ತೊಂದಿನ ಹನ್ನೊಂದನೇದು ಚಾಲೂ ಇರ್ಲಿ. ಎಲ್ಲಾರ ಕೆಲಸ ಇಡೂ ದೊಡ್ಡ ಕಂಪ್ಯೂಟರೂ ಇರ್ಲಿ, ಅದರಾಗ ಬರ್ಕೋತ ಹೋಗ್ತದ. ಮುಂಜಾನಿ ಬಂದು ನೋಡ್ತೀನಿ."

ಸಂಜೆ ಐದೂವರೆಯ ನಂತರ ಯಾವ ಯಂತ್ರವೂ ಚಾಲೂ ಇರಬಾರದು ಎಂಬುದು ನಿಯಮ. ಬಿಡುವುದಾದರೆ ದೊಡ್ಡ ಸರ್ ಸಹಿ ಬೇಕು. ಅವರು ಅಂದು ಊರಲ್ಲಿರಲಿಲ್ಲ. ನಾನು, "ಆಯ್ತವ್ವಾ, ನಾ ನೋಡ್ಕೋತೀನಿ, ನೀ ಹೋಗು" ಎಂದೆ. ಅವಳು ನಾನು ಓದಿದ್ದ ಹಾಳೆಯ ಮೂಲೆಯಿಂದ ಒಂದು ತುಂಡು ಹರಿದು ಬರೆದು ಪರದೆಗೆ ಅಂಟಿಸಿದಳು. ಕಾಕಾ, ಬದ್ಲಿ ನಡದದ, ಬಂದ್ ಮಾಡಬ್ಯಾಡ್ರಿ. ನನಗೆ ಹೇಳಿಯೂ ಚೀಟಿ ಯಾಕೆ ಎಂದರೆ, "ನೀವು ಮರ್ತೀರಿ ಅಂತಲ್ರಿ, ಪುಸ್ತಕದಾಗ ಬರ್ದಿಡಬೇಕು ಅಂತ ನೀವೇ ಹೇಳೀರಿ" ಎಂದಳು.

ಅವಳು ಹೋದ ಮೇಲೆ ಆಫೀಸಿನಿಂದ ಕರೆ ಬಂತು. ನನ್ನ ಫೈಲು ಇದೇ ವಾರ ಆಡಳಿತ ಮಂಡಳಿಯ ಮುಂದೆ ಬರುತ್ತದೆ, ಯಾವ ದೂರೂ ಇಲ್ಲದಂತೆ ನೋಡಿಕೋ ಎಂದು ಗುಮಾಸ್ತ ಹೇಳಿದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ನಾನು ಲ್ಯಾಬಿಗೆ ಬಂದು ಬಾಗಿಲಲ್ಲಿ ನಿಂತೆ. ಮಂದ ಬೆಳಕಿನಲ್ಲಿ ಹನ್ನೊಂದನೆಯ ಪರದೆಯ ಮೇಲೆ ಸಾಲುಗಳು ಓಡುತ್ತಿದ್ದವು. ಕಾವಲುಗಾರ ಕಿಟಕಿಯಿಂದ ನೋಡಿ ಮುಂಜಾನೆ ಹೇಳಿಬಿಟ್ಟರೆ? ಸಹಿಯಿಲ್ಲದೆ ಯಾರು ಬಿಟ್ಟರು ಎಂದು ಕೇಳಿದರೆ? ಮೂವತ್ತೇಳು ವರ್ಷ ಕಾದ ಒಂದು ಕಾಗದ ಈ ಹುಡುಗಿಯ ಎಣಿಕೆಗಾಗಿ ಹೋಗಬೇಕೇ?

ಮರೆತೆ ಎಂದು ಬರೆದರೆ ಈ ಬರಹಕ್ಕೆ ಅರ್ಥವಿಲ್ಲ. ಮರೆಯಲಿಲ್ಲ. ಚೀಟಿ ಕಂಡಿತು, ಓದಿದೆ. ದೊಡ್ಡ ಕಂಪ್ಯೂಟರನ್ನು ಕ್ರಮವಾಗಿ ನಿಲ್ಲಿಸಬೇಕಾದರೆ ಹತ್ತು ನಿಮಿಷ ಬೇಕು, ರೈಲಿಗೆ ಅಷ್ಟು ಹೊತ್ತು ಇರಲಿಲ್ಲ. ಗೋಡೆಯ ಮೇನ್ ಸ್ವಿಚ್ಚಿನ ಹಿಡಿಕೆಗೆ ಕೈ ಹಾಕಿ ಕೆಳಗೆ ಎಳೆದೆ. ಖಟ್ ಎಂದಿತು. ಕರೆಂಟ್ ಹೋದಾಗ ಯಂತ್ರಗಳನ್ನು ಹಿಡಿದು ನಿಲ್ಲಿಸಬೇಕಿದ್ದ ಬ್ಯಾಟರಿಗಳು ಆಗಲೇ ಸತ್ತಿದ್ದವು. ಕೋಣೆ ಕತ್ತಲಾಯಿತು. ಅಪ್ಪ, ಅವ್ವ, ನಾ ಎಷ್ಟನೆಯ ವಯಸ್ಸಿನಲ್ಲಿ ನಿಂತರೋ ಯಾರಿಗೂ ಗೊತ್ತಿಲ್ಲ. ಚೀಟಿ ಕಿತ್ತು ಜೇಬಿನಲ್ಲಿ ಹಾಕಿಕೊಂಡೆ. ರಿಜಿಸ್ಟರಿನಲ್ಲಿ ಎಲ್ಲ ಸರಿಯಾಗಿ ಬಂದ್ ಮಾಡಲಾಗಿದೆ ಎಂದು ಬರೆದು ಸಹಿ ಮಾಡಿ ಸ್ಟೇಷನ್ನಿಗೆ ಓಡಿದೆ.

ಮರುದಿನ ದೊಡ್ಡ ಕಂಪ್ಯೂಟರ್ ಏಳಲಿಲ್ಲ. ಅದರಲ್ಲಿ ಆ ತರಗತಿಯ ಎಲ್ಲ ವಿದ್ಯಾರ್ಥಿಗಳ ಲ್ಯಾಬಿನ ಕೆಲಸವಿತ್ತು. ಕಲಬುರಗಿಯಿಂದ ರಿಪೇರಿಯವನು ಬಂದು ಸಂಜೆಯವರೆಗೆ ಕೂತು ಸಿಕ್ಕಿದ್ದನ್ನು ಹೊರತೆಗೆದ. ಹಲವು ಫೈಲುಗಳಿಗೆ ಹೆಸರು ಹೋಗಿತ್ತು. ಯಾರದೋ ಹೆಸರಿನಲ್ಲಿ ಯಾರದೋ ಕೆಲಸ ಬಂದು ಕೂತಿತ್ತು. ಆ ಹುಡುಗಿಯದು ಸಿಗಲೇ ಇಲ್ಲ.

"ಚಾಲೂ ಇದ್ದಾಗ ಒಮ್ಮಿಗೇ ಕರೆಂಟ್ ಹೋದ್ರ ಹಿಂಗ ಆಗ್ತದ್ರಿ. ನಿನ್ನಿ ಹೋಗಿತ್ತೇನು?" ಎಂದು ರಿಪೇರಿಯವನು ನನ್ನನ್ನೇ ಕೇಳಿದ.

"ಇಲ್ರಿ. ನಾ ಎಲ್ಲಾ ಬರೋಬ್ಬರಿ ಬಂದ್ ಮಾಡೀನಿ" ಎಂದೆ.

ಹುಡುಗರು ಗದ್ದಲ ಎಬ್ಬಿಸಿದರು. ನನ್ನ ಕೆಲಸ ಅವನ ಹೆಸರಿನಲ್ಲಿದೆ, ಯಾರೋ ಬೇಕಂತಲೇ ಮಾಡಿದ್ದಾರೆ ಎಂದರು. ದೊಡ್ಡ ಸರ್ ಊರಿಂದ ಬಂದವರೇ ವಿಚಾರಣೆಗೆ ಕೂತರು. ಪ್ರಿನ್ಸಿಪಾಲರ ಕೋಣೆ, ಉದ್ದ ಮೇಜು, ಬರೆದುಕೊಳ್ಳಲು ಗುಮಾಸ್ತ. ಮೊದಲು ನನ್ನನ್ನು ಕರೆದರು. ನಾನು ಬೆಳಿಗ್ಗೆ ಹಣೆಗೆ ವಿಭೂತಿ ಹಚ್ಚಿಕೊಂಡು ಬಂದಿದ್ದೆ.

"ಶರಣಪ್ಪ, ಮೊನ್ನೆ ಸಂಜೆ ಲ್ಯಾಬಲ್ಲಿ ಕೊನೇಗೆ ಯಾರಿದ್ರು?"

"ಆ ಹುಡುಗಿ ಇದ್ದಳ್ರಿ ಸರ್."

"ಏನ್ ಮಾಡ್ತಿದ್ಲು?"

"ಬದ್ಲಿ ನಡಸ್ಲಿಕತ್ತಿದ್ದಳ್ರಿ."

ಬಾಯಿಗೆ ಬಂದದ್ದು ನಿಜವಾದ ಮಾತೇ. ಅವಳೂ ನಾನೂ ದಿನಾ ಆಡುತ್ತಿದ್ದ ಮಾತು. ಆದರೆ ದೊಡ್ಡ ಸರ್ ಮುಖ ಎತ್ತಿದರು.

"ಬದಲಿನಾ? ಏನನ್ನ ಬದಲಿ ಮಾಡ್ತಿದ್ಲು? ಫೈಲ್‌ಗಳನ್ನಾ?"

ಅವರ ಕಡೆಯ ಕನ್ನಡದಲ್ಲಿ ಆ ಮಾತಿಗೆ ಒಂದನ್ನು ತೆಗೆದು ಅಲ್ಲಿ ಇನ್ನೊಂದನ್ನು ಇಡುವುದು ಎಂದೇ ಅರ್ಥ ಹೊಳೆದಿರಬೇಕು. ಗೇಟಿನ ಹೊರಗೆ ನಿಲ್ಲುವ ಬದ್ಲಿ ಅವರಿಗೆ ಗೊತ್ತಿಲ್ಲ. ನನಗೆ ತಕ್ಷಣ ತಿಳಿಯಿತು, ಅವರು ಬೇರೆ ಕೇಳಿಸಿಕೊಂಡಿದ್ದಾರೆ ಎಂದು. ಒಂದೇ ವಾಕ್ಯ ಸಾಕಿತ್ತು. ಅಲ್ರಿ ಸರ್, ಅದು ಅವಳು ಬರೆದದ್ದರ ಹೆಸರು ಎಂದರೆ ಮುಗಿಯುತ್ತಿತ್ತು. ಆದರೆ ಆ ವಾಕ್ಯದ ಹಿಂದೆಯೇ ಇನ್ನೊಂದು ಪ್ರಶ್ನೆ ಬರುತ್ತಿತ್ತು, ಮತ್ತೆ ಅದನ್ನು ನಿಲ್ಲಿಸಿದವರು ಯಾರು ಎಂದು.

"ಹೌದಾ ಅಲ್ವಾ ಹೇಳಿ."

"ಬದ್ಲಿ ಅಂತಿದ್ದಳ್ರಿ ಸರ್. ನಾ ಕೇಳಿದ್ದು ಅಷ್ಟಾ."

ಗುಮಾಸ್ತ ಬರೆದ. ವಿದ್ಯಾರ್ಥಿನಿಯು ಫೈಲುಗಳನ್ನು ಬದಲಿ ಮಾಡುತ್ತಿದ್ದುದನ್ನು ಹೇಳಿಕೆದಾರರು ಕಂಡಿರುತ್ತಾರೆ ಎಂದು. ನನ್ನ ಮುಂದೆ ಇಟ್ಟ. ನನಗೆ ಕನ್ನಡ ಚೆನ್ನಾಗಿ ಓದಲು ಬರುತ್ತದೆ. ಎರಡು ಸಲ ಓದಿದೆ. ಸಹಿ ಮಾಡಿದೆ.

ಆಮೇಲೆ ಅವಳನ್ನು ಕರೆದರು. ನನ್ನನ್ನು ಹೊರಗೆ ಕಳಿಸಲಿಲ್ಲ, ಗೋಡೆಗೆ ಒರಗಿ ನಿಂತಿದ್ದೆ. ಅವಳು ಹೆದರಿರಲಿಲ್ಲ. ನನ್ನನ್ನು ನೋಡಿ ಅವಳ ಮುಖ ಸಡಿಲವಾಯಿತು. ಅದನ್ನೇ ನಾನು ಮರೆಯಲಾರೆ. ಕಾಕಾ ಇದ್ದಾರೆ, ಇನ್ನೇನು ಎನ್ನುವ ಮುಖ.

"ಸರ್, ಬದ್ಲಿ ಅಂದ್ರ ನನ್ನ ಫಂಕ್ಷನ್ ಹೆಸರ್ರಿ. ಥ್ರೆಡ್ ಸ್ವಿಚ್ ಮಾಡೋದು. ಲಕ್ಷ ಸಲ ನಡಸಿ ನೋಡ್ಬೇಕಂತ ಬಿಟ್ಟು ಹೋಗಿದ್ದೆ. ಮಾನಿಟರಿಗಿ ಚೀಟಿ ಅಂಟಿಸಿದ್ದೆ. ಕಾಕಾಗ ಕೇಳ್ರಿ."

"ಚೀಟಿ ಎಲ್ಲಿದೆ?"

ಚೀಟಿ ನನ್ನ ಅಂಗಿಯ ಜೇಬಿನಲ್ಲಿತ್ತು. ಅವಳು ಚೀಲದಿಂದ, ನಾನು ಓದಿ ತಪ್ಪು ಹಿಡಿದ ಆ ಹಾಳೆ ತೆಗೆದು ಮೇಜಿನ ಮೇಲೆ ಇಟ್ಟಳು. ಅದರ ಒಂದು ಮೂಲೆ ಹರಿದಿತ್ತು. ಆದರೆ ಅದರ ಮೇಲೆ ಹಳೆಯ ಇಂಗ್ಲಿಷ್ ಹೆಸರೇ ಇತ್ತು, ಹೊಸ ಹೆಸರು ಕಂಪ್ಯೂಟರಿನಲ್ಲಿ ಮಾತ್ರ ಇತ್ತು, ಕಂಪ್ಯೂಟರಿನಲ್ಲಿ ಅವಳದೇನೂ ಉಳಿದಿರಲಿಲ್ಲ.

"ಇದರಲ್ಲಿ ಬದ್ಲಿ ಅಂತ ಎಲ್ಲಿದೆಯಮ್ಮ?" ಎಂದರು ದೊಡ್ಡ ಸರ್. ಆಮೇಲೆ ನನ್ನ ಕಡೆ ತಿರುಗಿದರು. "ಶರಣಪ್ಪ, ಈ ಥ್ರೆಡ್ಡು ಸ್ವಿಚ್ಚು ಅಂತ ನಿಮಗೇನಾದ್ರೂ ಹೇಳಿದ್ಲಾ?"

ಅವಳು ನನ್ನನ್ನೇ ನೋಡುತ್ತಿದ್ದಳು.

"ನನಗೇನ್ ತಿಳೀತದ್ರಿ ಸರ್. ನಾ ಹತ್ತನೇ ಕ್ಲಾಸಿನವ. ಬಾಗಿಲು ತಗಿಯಾವ, ಹಾಕಾವ."

ಅವಳು ಬಾಯಿ ತೆರೆದಳು. ಕಾಕಾ ಎನ್ನುತ್ತಾಳೆ ಎಂದುಕೊಂಡೆ. ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ಆ ಮಡಚುವುದು ಎಷ್ಟು ನಿಧಾನವಾಗಿತ್ತೆಂದರೆ ಗುಮಾಸ್ತ 'ಜಲ್ದಿ ಮಾಡವ್ವಾ' ಎಂದ.

ಇನ್ನೊಂದು ಮಾತನ್ನೂ ಬರೆಯಬೇಕು. ಅವಳು ಖಣಿಯ ಓಣಿಯವಳು. ಮೇಜಿನ ಆಚೆ ಕೂತವರಲ್ಲೂ, ಗೋಡೆಗೆ ಒರಗಿದ್ದ ನನ್ನಲ್ಲೂ ಆ ಓಣಿಯ ಬಗ್ಗೆ ಒಂದು ತೀರ್ಮಾನ ಮೊದಲೇ ಸಿದ್ಧವಿತ್ತು. ನನ್ನ ಸುಳ್ಳು ಅದರ ಮೇಲೆ ಸುಲಭವಾಗಿ ಕೂತಿತು. ಅಲ್ಲಿ ಬೇರೆ ಓಣಿಯ ಹುಡುಗಿ ನಿಂತಿದ್ದರೆ ಇನ್ನೂ ನಾಲ್ಕು ಪ್ರಶ್ನೆ ಕೇಳುತ್ತಿದ್ದರು. ಆ ನಾಲ್ಕು ಪ್ರಶ್ನೆಗಳಲ್ಲಿ ನಾನು ಸಿಕ್ಕಿಬೀಳುತ್ತಿದ್ದೆ.

ಆ ವರ್ಷದ ಪರೀಕ್ಷೆಗೆ ಅವಳನ್ನು ಕೂಡಿಸಲಿಲ್ಲ. ಮುಂದಿನ ವರ್ಷ ಬಾ ಎಂದರು.

ಎರಡು ದಿನ ಬಿಟ್ಟು ಮರೆಪ್ಪ ಬಂದ. ಖಣಿಯಿಂದ ನೇರವಾಗಿ ಬಂದಿದ್ದ, ಹುಬ್ಬಿನ ಮೇಲೂ ಕಲ್ಲಿನ ಹುಡಿ. ಗೇಟಿನ ಬಳಿ ಚಹಾದ ಬಂಡಿಯ ಹತ್ತಿರ ನನ್ನನ್ನು ತಡೆದ. ಬೈಯುತ್ತಾನೆ ಎಂದು ನಾನು ಎರಡು ಹೆಜ್ಜೆ ಹಿಂದೆ ಸರಿದೆ.

"ಶರಣಪ್ಪಣ್ಣಾರು ಅಂದ್ರ ನೀವೇನ್ರಿ? ಮನ್ಯಾಗ ನಿಮ್ಮ ಹೆಸರು ಭಾಳ ತಗೀತಿದ್ದಳ್ರಿ. ಕಾಕಾ ತಪ್ಪ್ ಹಿಡಿದ್ರು, ಕಾಕಾ ಶಾಣ್ಯಾ ಅಂತ. ನಾ ಓದದವ್ರಿ, ನನಗ ಅಲ್ಲಿ ಮಾತಾಡ್ಲಿಕ್ಕ ಬರಂಗಿಲ್ಲ. ನೀವೊಂದ್ ಮಾತು ಸಾಹೇಬ್ರಿಗಿ ಹೇಳ್ರಿ. ನಿಮ್ಮ ಮಾತು ಕೇಳ್ತಾರ."

ವಿಚಾರಣೆಯಲ್ಲಿ ನಾನು ಹೇಳಿದ ಸುಳ್ಳನ್ನು ಅವಳು ಮನೆಯಲ್ಲಿ ಹೇಳಿರಲಿಲ್ಲ. ಅಪ್ಪನಿಗೂ ಹೇಳಿರಲಿಲ್ಲ.

"ನೋಡೋಣ್ರಿ" ಎಂದೆ.

"ಚಹಾ ಕುಡೀರಿ ಅಣ್ಣಾರ" ಎಂದ. ಅವನೇ ಎರಡು ಚಹಾ ಹೇಳಿದ. ನಾನು ರೈಲಿನ ನೆಪ ಹೇಳಿ ನಡೆದೆ. ತಿರುಗಿ ನೋಡಿದಾಗ ಎರಡೂ ಲೋಟ ಹಿಡಿದುಕೊಂಡು ನಿಂತಿದ್ದ.

ತೊಗರಿ ಕೊಯ್ಲಿಗೆ ಬರುವ ಹೊತ್ತಿಗೆ ನನ್ನ ಕಾಯಂ ಆದೇಶ ಬಂತು. ಮನೆಯಲ್ಲಿ ಹೋಳಿಗೆ ಮಾಡಿದರು. ನಾನು ಆದೇಶವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಟ್ಟೆ, ಅದರ ಹಿಂದೆ ಚೀಟಿಯನ್ನೂ ಇಟ್ಟೆ. ಹರಿದು ಹಾಕಲು ಎಷ್ಟೋ ಸಲ ಕೈಗೆತ್ತಿಕೊಂಡೆ, ಆಗಲಿಲ್ಲ. ಈಗಲೂ ಎರಡೂ ಒಂದೇ ಚೀಲದಲ್ಲಿವೆ. ಮೂರು ವರ್ಷ ಕಾಯಂ ಆಗಿದ್ದೆ. ಹನ್ನೊಂದನೆಯ ಯಂತ್ರದ ಮುಂದೆ ಬೇರೆ ಮಕ್ಕಳು ಬಂದು ಕೂತರು. ಅವಳು ಮುಂದಿನ ವರ್ಷ ಬರಲಿಲ್ಲ. ಮರೆಪ್ಪನ ಎದೆಯಲ್ಲಿ ಕಲ್ಲಿನ ಹುಡಿ ಕೂತು ಕೆಮ್ಮು ಹಿಡಿಯಿತು, ಖಣಿಗೆ ಹೋಗುವುದು ಬಿಟ್ಟ, ಮಗಳು ಎಲ್ಲೋ ಕೆಲಸಕ್ಕೆ ಸೇರಿದಳು ಎಂದು ಯಾರೋ ಹೇಳಿದರು. ಯಾರು ಎಂದು ನಾನು ನೆನಪಿಟ್ಟುಕೊಳ್ಳಲಿಲ್ಲ. ಎಲ್ಲಿ ಎಂದು ಕೇಳಲಿಲ್ಲ.

ಎರಡು ವರ್ಷದ ಹಿಂದೆ ಚಿತ್ತಾಪುರಕ್ಕೆ ಹೋಗಿದ್ದೆ. ಪಿಂಚಣಿಯವರು ವರ್ಷಕ್ಕೊಮ್ಮೆ ನಾವು ಬದುಕಿದ್ದೇವೆ ಎಂದು ಬೆರಳೊತ್ತಿ ತೋರಿಸಬೇಕು. ಬಸ್ ನಿಲ್ದಾಣದ ಹತ್ತಿರ ಒಂದು ಆನ್‌ಲೈನ್ ಅಂಗಡಿ. ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ ಮೇಜಿನ ಹಿಂದೆ ಅವಳು ಕೂತಿದ್ದಳು. ತಲೆಗೂದಲಿನಲ್ಲಿ ಆಗಲೇ ಒಂದೆರಡು ಬಿಳಿ.

"ಹೆಸರು ಹೇಳ್ರಿ" ಎಂದಳು.

ಹೇಳಿದೆ. ಬೆರಳುಗಳು ಒಂದು ಕ್ಷಣವೂ ನಿಲ್ಲದೆ ಟೈಪು ಮಾಡಿದವು.

"ಹುಟ್ಟಿದ್ದು?"

ಹೇಳಿದೆ.

"ಬೆರಳು ಇಡ್ರಿ."

ಇಟ್ಟೆ. ಯಂತ್ರ ಒಪ್ಪಲಿಲ್ಲ. ಹದಿನೆಂಟು ವರ್ಷದ ಸಿಮೆಂಟು ನನ್ನ ಬೆರಳಿನ ಗೆರೆಗಳನ್ನು ತಿಂದಿದೆ. ಅವಳು ಒಂದು ಬಟ್ಟೆ ಒದ್ದೆ ಮಾಡಿ ಕೊಟ್ಟಳು. "ಒರಸ್ಕೊಂಡು ಇನ್ನೊಂದು ಹಚ್ಚರಿ." ಏಳು ಬೆರಳು ಆದವು. ಎಂಟನೆಯದಕ್ಕೆ ನನ್ನ ಬೆರಳನ್ನು ತಾನೇ ಹಿಡಿದು ಒತ್ತಿದಳು. ಅವಳ ಕೈ ತಣ್ಣಗಿತ್ತು. ಈಗ ಹೇಳು, ಈಗ ಹೇಳು ಎಂದು ನನ್ನೊಳಗೆ ಬಡಿದುಕೊಳ್ಳುತ್ತಿತ್ತು.

ಹಿಂದಿನಿಂದ ಒಬ್ಬ, "ಏ ತಂಗಿ, ಮಾಲಕ ಎಲ್ಲಿ ಹೋಗ್ಯಾನ?" ಎಂದು ಕೂಗಿದ.

"ಇಲ್ರಿ. ನಾ ಬದ್ಲಿ ಕುಂತೀನಿ."

ಹಾಗೆ ಹೇಳುವಾಗ ಅವಳು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ತಡೆದುಕೊಳ್ಳಬಹುದಿತ್ತು. ಪರದೆಯನ್ನೇ ನೋಡುತ್ತಾ, "ಬಂತ್ರಿ. ಇನ್ನೊಂದ್ ವರ್ಷ ಬದುಕೀರಿ" ಎಂದು ಕಾಗದ ಕೈಗಿಟ್ಟಳು. ಎಲ್ಲರಿಗೂ ಹೇಳುವ ಮಾತೋ, ನನಗಷ್ಟೇ ಹೇಳಿದ್ದೋ ಗೊತ್ತಿಲ್ಲ. ಕಾಕಾ ಎನ್ನಲಿಲ್ಲ. "ಮುಂದಿನವ್ರು ಬರ್ರಿ" ಎಂದಳು. ನಾನು ಸರಿದೆ. ಇನ್ನೊಬ್ಬ ನನ್ನ ಜಾಗಕ್ಕೆ ಬಂದ.

ಮರುವರ್ಷ ನಾನು ಚಿತ್ತಾಪುರ ಬಿಟ್ಟು ಸೇಡಂಗೆ ಹೋಗಿ ಬೆರಳೊತ್ತಿ ಬಂದೆ. ಇಷ್ಟು ದೂರ ಯಾಕೆ ಹೋದಿರಿ ಎಂದು ಸೊಸೆ ಕೇಳಿದಳು. ಸಾಲು ಕಡಿಮೆ ಎಂದೆ.

ಅಂದು ಗುಮಾಸ್ತ ಬರೆದ ಹೇಳಿಕೆಯಲ್ಲಿ ನನ್ನ ಹೆಸರು, ತಂದೆಯ ಹೆಸರು, ಊರು ಎಲ್ಲ ಪೂರ್ತಿ ಇದ್ದವು. ಅವಳದು ಬರೀ ನಂಬರು. ನಾನೂ ಇಲ್ಲಿಯವರೆಗೆ ಆ ಹುಡುಗಿ, ಅವಳು ಎಂದೇ ಬರೆದುಕೊಂಡು ಬಂದೆ. ಆ ಕಾಗದಕ್ಕೂ ಇದಕ್ಕೂ ವ್ಯತ್ಯಾಸ ಇರಬೇಕಾದರೆ ಇನ್ನು ತಪ್ಪಿಸಿಕೊಳ್ಳಬಾರದು. ಆ ದಿನ ನಾನು ಕೊಡಬೇಕಿದ್ದ ಹೇಳಿಕೆ ಇಷ್ಟೇ.

ಅವಳು ಯಾರ ಫೈಲನ್ನೂ ಬದಲಿ ಮಾಡಲಿಲ್ಲ. ಬದ್ಲಿ ಎಂಬುದು ಅವಳು ಬರೆದದ್ದರ ಹೆಸರು. ಅದು ಸರಿಯಾಗಿ ನಡೆಯುತ್ತಿತ್ತು, ನಾನು ಕಣ್ಣಾರೆ ನೋಡಿದ್ದೇನೆ. ಅದು ಏನು ಎಂದು ನನಗೆ ಗೊತ್ತಿತ್ತು, ಅವಳೇ ಕಲಿಸಿದ್ದಳು. ಯಂತ್ರ ಚಾಲೂ ಬಿಡಲು ಹೂಂ ಅಂದವನು ನಾನು. ಚೀಟಿ ಓದಿ, ಮೇನ್ ಸ್ವಿಚ್ ಎಳೆದವನೂ ನಾನು. ಚೀಟಿ ನನ್ನ ಜೇಬಿನಲ್ಲಿದೆ. ಅವಳ ಹೆಸರು ಗೌತಮಿ. ಮರೆಪ್ಪನ ಮಗಳು ಗೌತಮಿ.